ಒಂದು ವರ್ಷ ಕಡಿಮೆಯಿರುವ ಕಬಡ್ಡಿ ಚರಿತ್ರೆ

ತಾಲ್ಲೂಕು ಕಬಡ್ಡಿ ಕಪ್ ನಮ್ಮೂರಿಗೆ ಬಂದಿರುವುದು ಒಂದೇ ಒಂದು ಸಲ. ಇದನ್ನು ಸುತ್ತಮುತ್ತಲ ಊರಿನವರೆಲ್ಲ ಒಪ್ಪುತ್ತಾರೆ, ನಮ್ಮನ್ನು ಕಂಡರಾಗದವರೂ ಒಪ್ಪುತ್ತಾರೆ. ಒಪ್ಪದ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಒಬ್ಬನೇ, ಆ ಕಪ್ಪನ್ನು ಗೆದ್ದುಕೊಟ್ಟ ನಮ್ಮ ದೊಡ್ಡಪ್ಪ! ಇಂಥವನನ್ನು ನೀವಾದರೆ ಏನೆಂದು ಕರೆಯುತ್ತೀರಿ? ನಮ್ಮ ದೊಡ್ಡಮ್ಮ ಕರೆಯುವ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕಪ್ ಭಜನೆ ಮನೆಯ ಗಾಜಿನ ಬೀರುವಿನಲ್ಲಿ, ದೇವರ ಪಟಗಳ ಪಕ್ಕದಲ್ಲಿದೆ. ವರ್ಷಕ್ಕೊಮ್ಮೆ ಯುಗಾದಿಗೆ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಆ ದಿನ ದೊಡ್ಡಪ್ಪ ಆ ಬೀದಿಯನ್ನೇ ತುಳಿಯುವುದಿಲ್ಲ, ಊರೆಲ್ಲ ಸುತ್ತಿಕೊಂಡು ತನ್ನ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಾನೆ. ಗೆದ್ದ ಮಾರನೆಯ ದಿನ ಊರಿನವರು ತಮಟೆ ಬಡಿದುಕೊಂಡು ಹಾರ ತಂದರೆ ಈ ಪುಣ್ಯಾತ್ಮ ಹಿತ್ತಲ ಬಾಗಿಲಿನಿಂದ ಜಾರಿಕೊಂಡು ಕಬ್ಬಾಳಿಗೆ ಹೊರಟುಹೋಗಿದ್ದನಂತೆ. ಮೂರು ದಿನ ಕಬ್ಬಾಳಮ್ಮನ ಗುಡಿ ಮುಂದೆ ಕೂತಿದ್ದು ಬಂದನಂತೆ. ಅಷ್ಟರಲ್ಲಿ ಹಾರವನ್ನು ನಮ್ಮ ಎಮ್ಮೆ ತಿಂದಿತ್ತು.

ಪಾಪ, ಸಂಕೋಚದ ಮನುಷ್ಯ ಇರಬೇಕು ಅಂದುಕೊಂಡಿರಾ? ಸಂಕೋಚಕ್ಕೂ ದೊಡ್ಡಪ್ಪನಿಗೂ ಆಗಿಬರುವುದಿಲ್ಲ. ಪಂದ್ಯ ಶುರುವಾದ ಮೊದಲ ವರ್ಷದಿಂದ ಇಲ್ಲಿಯವರೆಗೆ ಯಾವ ಊರು ಯಾವ ಊರನ್ನು ಎಷ್ಟಕ್ಕೆ ಹೊಡೆಯಿತು, ಕೊನೆಯ ರೈಡ್ ಯಾರದು, ಯಾರ ಚಡ್ಡಿ ಎಲ್ಲಿ ಹರಿಯಿತು, ಎಲ್ಲ ಅವನ ಬಾಯಲ್ಲಿದೆ. ಕೇಳುವವರು ಸಿಕ್ಕರೆ ಸಂಜೆ ಜಗಲಿಯ ಮೇಲೆ ಕೂತು ಒಪ್ಪಿಸುತ್ತಾನೆ, ಸಿಗದಿದ್ದರೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತ ಒಪ್ಪಿಸುತ್ತಾನೆ. ಹುಳುಗಳು ಬೇಗ ಹಣ್ಣಾಗಿ ಗೂಡು ಕಟ್ಟುವುದೇ ಆ ಕಾಟಕ್ಕೆ ಎಂಬುದು ದೊಡ್ಡಮ್ಮನ ಅನುಮಾನ.

ಅವನ ಕ್ಯಾಲೆಂಡರಿನಲ್ಲಿ ಇಸವಿ ಎಂಬುದಿಲ್ಲ, ಗೆದ್ದ ಊರುಗಳಿವೆ. ಓಟಿನ ಗುರುತಿನ ಚೀಟಿಗೆ ಹೆಸರು ಬರೆದುಕೊಳ್ಳಲು ಬಂದ ಮೇಷ್ಟ್ರು ಹುಟ್ಟಿದ ವರ್ಷ ಕೇಳಿದರು.

"ಮೊದಲ್ನೇ ಫೈನಲ್ ನಡೆದಾಗ ನಂಗೆ ಮುಂದಿನ್ ಹಲ್ಲು ಬಿದ್ದಿದ್ವು, ಬರ್ಕೊಳಿ."

"ಮನೆಯೋರದ್ದು?"

"ಅವ್ಳು ನಮ್ಮನೆಗ್ ಬಂದಿದ್ದು ಬೈರಾಪಟ್ಟಣದೋರು ಎರಡ್ನೇ ಸಲ ಗೆದ್ದ ವರ್ಸ. ಹುಟ್ಟಿದ್ದು ಅವ್ರಪ್ಪನ್ನೇ ಕೇಳ್ಬೇಕು."

ಮೇಷ್ಟ್ರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ತಮಗೆ ತೋಚಿದ್ದನ್ನು ಬರೆದುಕೊಂಡು ಹೋದರು. ಸರ್ಕಾರದ ಲೆಕ್ಕದಲ್ಲಿ ದೊಡ್ಡಮ್ಮ ಈಗಲೂ ದೊಡ್ಡಪ್ಪನಿಗಿಂತ ಎರಡು ವರ್ಷ ದೊಡ್ಡವಳು.

ಈ ಲೆಕ್ಕ ನನ್ನ ಕುತ್ತಿಗೆಗೂ ಬಂದಿತ್ತು. ನನ್ನನ್ನು ನೋಡಲು ಮಾಗಡಿ ಕಡೆಯಿಂದ ಗಂಡಿನವರು ಬಂದಿದ್ದರು. ನನಗೆ ಇಪ್ಪತ್ಮೂರು ಎಂದು ಅಮ್ಮ ಮೊದಲೇ ಹೇಳಿ ಕಳಿಸಿದ್ದಳು. ನನಗೆ ಆಗಿದ್ದದ್ದು ಇಪ್ಪತ್ನಾಲ್ಕು. ಗಂಡಿನ ಸೋದರಮಾವ ಉಪ್ಪಿಟ್ಟು ತಿನ್ನುತ್ತ ಸುಮ್ಮನೆ ಮಾತಿಗೆಂದು ವಯಸ್ಸು ಕೇಳಿದರು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಶುರುಮಾಡಿಬಿಟ್ಟ. ನಾನು ಹುಟ್ಟಿದ ವರ್ಷದಿಂದ ಕಪ್ ಗೆದ್ದ ಊರುಗಳನ್ನೆಲ್ಲ ಬೆರಳು ಮಡಚಿ ಮಡಚಿ ಎಣಿಸಿ, "ಇಪ್ಪತ್ಮೂರು" ಎಂದು ನಿಲ್ಲಿಸಿದ. ಅಮ್ಮನಿಗೆ ಹೋದ ಜೀವ ಬಂತು.

ಆದರೆ ನಮ್ಮ ಗ್ರಹಚಾರ ನೋಡಿ. ಆ ಸೋದರಮಾವ ಒಂದು ಕಾಲದಲ್ಲಿ ನಮ್ಮ ತಾಲ್ಲೂಕಿನಲ್ಲೇ ಮೇಷ್ಟ್ರಾಗಿದ್ದವರು, ಪಂದ್ಯದ ಹುಚ್ಚಿನವರು. ಅವರೂ ತಟ್ಟೆ ಕೆಳಗಿಟ್ಟು ಬೆರಳು ಮಡಚುತ್ತಿದ್ದರು.

"ಯಜಮಾನ್ರೇ, ಒಂದು ವರ್ಷ ಬಿಟ್ಟೋಯ್ತಲ್ಲ. ಇಪ್ಪತ್ನಾಲ್ಕಾಗುತ್ತೆ."

"ಆ ವರ್ಸ ನಮ್ ಲೆಕ್ಕುಕ್ಕಿಲ್ಲ."

"ಅದ್ಯಾಕೆ? ನಿಮ್ಮೂರೇ ಅಲ್ವಾ ಗೆದ್ದಿದ್ದು? ಕೆರೆಯಾಚೆಯೋರ ಮೇಲೆ. ಕೊನೇಗೆ ಉಳ್ಕೊಂಡಿದ್ದು ನೀವೇ."

ದೊಡ್ಡಪ್ಪನ ಮುಖ ಇಳಿದುಹೋಯಿತು. "ಎಮ್ಮೆಗ್ ಒಸಿ ನೀರಿಟ್ಟು ಬತ್ತೀನಿ" ಎಂದು ಎದ್ದು ಹೊರಗೆ ಹೋದ. ಎಮ್ಮೆಯನ್ನು ನಾವು ಹಿಂದಿನ ವರ್ಷವೇ ಮಾರಿಬಿಟ್ಟಿದ್ದೆವು. ಸೋದರಮಾವನವರು ದೊಡ್ಡವರು, ನಕ್ಕು ಸುಮ್ಮನಾದರು. ನಾನು ಆ ಗಂಡನ್ನೇ ಮದುವೆಯಾದೆ, ಒಂದು ವರ್ಷ ದೊಡ್ಡವಳಾಗಿ.

ಪಂದ್ಯ ನಡೆಯುತ್ತಿದ್ದುದು ನಮ್ಮೂರಿಗೂ ಕೆರೆಯಾಚೆಯ ಊರಿಗೂ ನಡುವಿನ ಗೋಮಾಳದಲ್ಲಿ. ಅಲ್ಲಿನ ಕೋರ್ಟ್ ದೊಡ್ಡಪ್ಪನ ಕೈಕೆಲಸ. ಫೈನಲ್ಲಿಗೆ ಒಂದು ತಿಂಗಳಿರುವಾಗಲೇ ಕೆರೆಯ ಕೆಮ್ಮಣ್ಣನ್ನು ಜರಡಿ ಹಿಡಿದು ಕಲ್ಲು ಆರಿಸುತ್ತಿದ್ದ. ಚನ್ನಪಟ್ಟಣಕ್ಕೆ ಸೈಕಲ್ಲಿನಲ್ಲಿ ಹೋಗಿ, ಗೊಂಬೆ ಮಾಡುವವರ ಲೇತಿನ ಕೆಳಗೆ ಬಿದ್ದ ಮರದ ಹೊಟ್ಟನ್ನು ಮೂಟೆಗಟ್ಟಲೆ ತಂದು ಅದಕ್ಕೆ ಬೆರೆಸುತ್ತಿದ್ದ. ಬಿದ್ದವರಿಗೆ ಮೊಣಕಾಲು ತರಚಬಾರದಲ್ಲ. ಆ ಹೊಟ್ಟಿನಲ್ಲಿ ಗೊಂಬೆಗೆ ಬಳಿದ ಅರಗಿನ ಬಣ್ಣದ ಚೂರುಗಳೂ ಇರುತ್ತಿದ್ದವು, ಕೆಂಪು, ಹಳದಿ, ಹಸಿರು. ಬಿದ್ದು ಎದ್ದವನ ಬೆನ್ನ ಮೇಲೆಲ್ಲ ಬಣ್ಣ. ನಾನು ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಿದ್ದೆ. ಇಳಿಬಿಸಿಲಿನಲ್ಲಿ ಧೂಳೇಳುತ್ತಿತ್ತು, ಧೂಳಿನೊಳಗೆ ಹದಿನಾಲ್ಕು ಜನ ಬಣ್ಣಬಣ್ಣದ ಗಂಡಸರು ಒಬ್ಬರನ್ನೊಬ್ಬರು ಹಿಡಿಯುತ್ತ, ತಪ್ಪಿಸಿಕೊಳ್ಳುತ್ತ ಇರುತ್ತಿದ್ದರು, ಯಾರದೋ ಉಸಿರು ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರುತ್ತಿತ್ತು. ಎಷ್ಟೋ ಸಲ ನನಗೆ ಅಲ್ಲೇ ನಿದ್ದೆ ಬಂದು, ಆಟದ ಉಳಿದ ಭಾಗ ಕನಸಿನಲ್ಲಿ ನಡೆದಿದೆ. ಈಗ ಯಾವುದು ನೋಡಿದ್ದು, ಯಾವುದು ಕನಸು ಎಂದು ಬೇರೆ ಮಾಡಲು ನನ್ನಿಂದಾಗುವುದಿಲ್ಲ.

ಆದರೆ ಒಂದನ್ನು ಮಾತ್ರ ಎಚ್ಚರದಲ್ಲೇ ನೋಡಿದ್ದೇನೆ. ಇಷ್ಟೆಲ್ಲ ಮಾಡುವ ದೊಡ್ಡಪ್ಪ ಕೋರ್ಟಿನ ಸುಣ್ಣದ ಗೆರೆ ದಾಟುತ್ತಿರಲಿಲ್ಲ. ಮಣ್ಣನ್ನು ಹೊರಗೆ ನಿಂತು ಎರಚುತ್ತಿದ್ದ, ಒಳಗೆ ಹರಡುವವರು ಬೇರೆ. ಪಂದ್ಯ ನೋಡುವುದಕ್ಕೂ ಅಷ್ಟೇ, ಬೆಂಚು ಕೊಟ್ಟರೂ ಬೇಡ. ಔಟಾದ ಆಟಗಾರರು ಗೆರೆಯ ಹೊರಗೆ ಸಾಲಾಗಿ ಕೂರುತ್ತಾರಲ್ಲ, ತಮ್ಮ ಕಡೆಯವರು ಎದುರಾಳಿಯನ್ನು ಔಟ್ ಮಾಡಿದರೆ ಜೀವ ಬಂದು ಒಬ್ಬೊಬ್ಬರಾಗಿ ಮತ್ತೆ ಒಳಗೆ ಹೋಗುವುದಕ್ಕೆ ಕಾಯುತ್ತಾರಲ್ಲ, ಆ ಸಾಲಿನ ಕೊನೆಯಲ್ಲಿ ಮೊಣಕಾಲು ಮಡಚಿ ಕೂರುತ್ತಿದ್ದ. ಉಳಿದವರು ಎದ್ದು ಹೋಗುತ್ತಿದ್ದರು. ಇವನು ಕೂತೇ ಇರುತ್ತಿದ್ದ. ದೇವರ ಮೇಲಿದ್ದ ಹಾಗೆ ಭಕ್ತಿ ಕಣಮ್ಮ ಕೋರ್ಟಿನ ಮೇಲೆ ಎಂದು ಊರಿನವರು ಹೇಳುತ್ತಿದ್ದರು, ನಾನೂ ನಂಬಿದ್ದೆ.

ಆಮೇಲೆ ಹೆದ್ದಾರಿಯ ಎರಡೂ ಕಡೆ ಫ್ಯಾಕ್ಟರಿಗಳು ಬಂದವು. ಬಿಡದಿ ಕಡೆಯಿಂದ ಒಂದೊಂದೇ ನೀಲಗಿರಿ ತೋಪನ್ನು ನುಂಗುತ್ತ ನಮ್ಮ ಕಡೆಗೂ ಬಂದವು. ಊರಿನ ಏಳು ಜನ ಆಟಗಾರರು ಮೂರು ಪಾಳಿಗಳಿಗೆ ಹಂಚಿಹೋದರು, ಅಭ್ಯಾಸಕ್ಕೆ ಒಟ್ಟಿಗೆ ಸಿಗುತ್ತಿದ್ದುದು ಯಾರದಾದರೂ ಮದುವೆಯಲ್ಲಿ. ಒಂದು ದಿನ ಗೋಮಾಳದಲ್ಲೇ ಬೋರ್ಡು ನಿಂತಿತು. ಕಾರಿನ ಸೀಟು ಮಾಡುವ ಫ್ಯಾಕ್ಟರಿಯಂತೆ. ವರ್ಷದೊಳಗೆ ಕಾಂಪೌಂಡು, ಗೇಟು, ಹುಲ್ಲುಹಾಸು ಎಲ್ಲ ಎದ್ದವು. ಅಲ್ಲಿಗೆ ನಮ್ಮ ಪಂದ್ಯ ನಿಂತುಹೋಯಿತು.

ನಿಂತುಹೋದದ್ದನ್ನು ಮರೆಯಬಾರದೆಂದು ನಮ್ಮೂರ ಯುವಕ ಸಂಘದವರು ಪಂದ್ಯದ ಚರಿತ್ರೆಯನ್ನು ಒಂದು ಪುಸ್ತಕ ಮಾಡಿ ತಾಲ್ಲೂಕಿನ ಊರೂರಿಗೂ ಹಂಚಲು ಹೊರಟರು. ಚರಿತ್ರೆ ಇದ್ದದ್ದು ದೊಡ್ಡಪ್ಪನ ತಲೆಯಲ್ಲಿ, ಕಂಪ್ಯೂಟರ್ ಇದ್ದದ್ದು ರಾಮನಗರದ ನನ್ನ ಟೈಪಿಂಗ್ ಅಂಗಡಿಯಲ್ಲಿ. ಹದಿನೈದು ದಿನ ದೊಡ್ಡಪ್ಪ ಬಸ್ಸಿನಲ್ಲಿ ಬಂದು, ನನ್ನ ಪಕ್ಕ ಕೂತು ಹೇಳಿದ. ನಾನು ಟೈಪ್ ಮಾಡಿದೆ. ಜೆರಾಕ್ಸಿಗೆ ಬಂದವರು ಅರ್ಧ ಗಂಟೆ ನಿಂತು ಕೇಳಿ, ಜೆರಾಕ್ಸ್ ಮರೆತು ಹೋಗುತ್ತಿದ್ದರು. ಆ ವರ್ಷಕ್ಕೆ ಬಂದಾಗ ದೊಡ್ಡಪ್ಪ ನಿಲ್ಲಿಸಿದ.

"ಇಲ್ಲಿ ಖಾಲಿ ಬುಡು ಮಗಾ."

"ಪುಸ್ತಕದಲ್ಲಿ ಹೇಗೆ ದೊಡ್ಡಪ್ಪ ಖಾಲಿ ಬಿಡೋದು?"

"ಬುಡು ಅಂದ್ರೆ ಬುಡು."

ಸಂಘದ ಅಧ್ಯಕ್ಷ ಅದನ್ನು ನೋಡಿ ಹೌಹಾರಿದ. "ಅಕ್ಕಾ, ನಾವ್ ಗೆದ್ದಿರೋದೇ ಒಂದ್ಸಲ, ಅದ್ನೇ ಖಾಲಿ ಬುಟ್ರೆ ಈ ಪುಸ್ತಕ ಯಾಕಕ್ಕಾ? ನೀವು ನಮ್ಮೂರ್ ಹೆಸ್ರು ಹಾಕ್ಬುಡಿ, ದೊಡ್ಡಪ್ಪಂಗೆ ನಾನ್ ಹೇಳ್ಕೋತೀನಿ." ನಾನು ಹಾಕಿಟ್ಟೆ, ಅವನು ದೊಡ್ಡಪ್ಪನಿಗೆ ಹೇಳಿಯೂ ಬಿಟ್ಟ. ಬುಧವಾರ ಮುದ್ರಣಕ್ಕೆ ಹೋಗಬೇಕಿತ್ತು. ಮಂಗಳವಾರ ದೊಡ್ಡಮ್ಮ ಫೋನ್ ಮಾಡಿದಳು. "ನಿಮ್ ದೊಡ್ಡಪ್ಪ ಎಲ್ಡ್ ದಿನದಿಂದ ಮುದ್ದೆ ಮುಟ್ಟಿಲ್ಲ ಕಣವ್ವ. ಹುಳುಗ್ಳಿಗೂ ಏನೂ ಹೇಳ್ತಿಲ್ಲ." ಆ ಕೊನೆಯ ಮಾತು ಕೇಳಿ ನನಗೆ ನಿಜವಾಗಿ ಗಾಬರಿಯಾಯಿತು.

ಬುಧವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಒಗೆದ ಬಿಳಿ ಪಂಚೆ, ಬಿಳಿ ಶರ್ಟು.

"ಗಾಡಿ ತೆಗಿ ಮಗಾ. ಗೋಮಾಳುಕ್ಕೆ ಹೋಗವ."

ಸ್ಕೂಟಿಯ ಹಿಂದೆ ಕೂತು, ನನ್ನ ಬೆನ್ನಿಗೆ ಹೇಳಿದ. ಬಹುಶಃ ಮುಖ ನೋಡಿಕೊಂಡು ಹೇಳಲು ಆಗುತ್ತಿರಲಿಲ್ಲವೇನೋ.

ನಮ್ಮ ಊರಾಟದಲ್ಲಿ ಒಂದು ಪದ್ಧತಿ. ರೈಡರ್ ಮುಟ್ಟಿದ್ದು ಅಂಪೈರಿಗೆ ಕಾಣದಿದ್ದರೆ, ಮುಟ್ಟಿಸಿಕೊಂಡವನೇ ಕೈ ಎತ್ತಿ ಹೊರಗೆ ನಡೆಯಬೇಕು. ಅದಕ್ಕೆ ಯಾವ ಸಾಕ್ಷಿಯೂ ಬೇಡ. ಆ ವರ್ಷದ ಫೈನಲ್ಲಿನಲ್ಲಿ ಕೊನೆಯ ರೈಡ್ ಕೆರೆಯಾಚೆಯವರದು. ಬಂದವನು ಅವರ ಕಡೆಯ ಹುಲಿ, ಉದ್ದಗೈ ಎಂದೇ ಅವನ ಹೆಸರು. ನಮ್ಮ ಕಡೆ ಉಳಿದಿದ್ದವನು ದೊಡ್ಡಪ್ಪ ಒಬ್ಬನೇ, ಪಾಯಿಂಟಿನಲ್ಲಿ ನಾವು ಒಂದೇ ಒಂದು ಮುಂದೆ. ಅವನೂ ಔಟಾದರೆ ಇಡೀ ತಂಡ ಔಟಾದ ಲೆಕ್ಕ, ಅದರ ಹೆಚ್ಚಿನ ಪಾಯಿಂಟೂ ಸೇರಿ ಕಪ್ ಅವರದು. ದೊಡ್ಡಪ್ಪ ಹಿಂದಕ್ಕೆ ಬಾಗಿದ, ಉದ್ದಗೈಯ ಬೆರಳು ಅವನ ಬನಿಯನ್ನಿನ ಅಂಚಿಗೆ ತಾಗಿತು. ಉದ್ದಗೈ ವಾಪಸು ಓಡಿ ಗೆರೆ ದಾಟಿದ. ಅಂಪೈರ್ ಧೂಳಿನಲ್ಲಿ ಏನೂ ಕಾಣದೆ ದೊಡ್ಡಪ್ಪನ ಕಡೆ ನೋಡಿದ. ಇಡೀ ಗೋಮಾಳ ದೊಡ್ಡಪ್ಪನ ಕಡೆ ನೋಡಿತು.

"ಕೈ ಎತ್ತುವ ಅಂತ್ಲೇ ಇದ್ದೆ ಕಣವ್ವ. ಒಂದೇ ಗಳಿಗೆ ತಡ ಆಯ್ತು. ಅಷ್ಟ್ರಲ್ಲಿ ಊರೋರು ನನ್ನ ಎತ್ತಿಬುಟ್ರು."

ನಾನು ಸ್ಕೂಟಿಯ ವೇಗ ಸ್ವಲ್ಪ ಕಡಿಮೆ ಮಾಡಿದೆ. ಕೆರೆಯ ಏರಿಯ ಮೇಲೆ ಗಾಳಿ ತಣ್ಣಗಿತ್ತು. ಇಪ್ಪತ್ತೈದು ವರ್ಷ ಈ ಮನುಷ್ಯ ಎಲ್ಲರ ಗೆಲುವನ್ನೂ ಬಾಯಿಪಾಠ ಒಪ್ಪಿಸುತ್ತ, ತನ್ನ ಗೆಲುವೊಂದನ್ನು ನುಂಗಿಕೊಂಡಿದ್ದನಲ್ಲ. ನಾವೆಲ್ಲ ಎಷ್ಟು ನಕ್ಕಿದ್ದೆವು.

ಫ್ಯಾಕ್ಟರಿಯ ಗೇಟಿನಲ್ಲಿ ನೀಲಿ ಸಮವಸ್ತ್ರದ ಸೆಕ್ಯೂರಿಟಿಯವನು ಬಂದುಹೋಗುವವರ ಹೆಸರು ಬರೆಯುವ ರಿಜಿಸ್ಟರ್ ಹಿಡಿದು ಕೂತಿದ್ದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ತೋಳುಗಳು ಮಾತ್ರ ಅಂಗಿಯ ತೋಳಿನಿಂದ ಒಂದು ಗೇಣು ಹೊರಗೇ ಇದ್ದವು. ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಯಾರ್ನ ನೋಡ್ಬೇಕು?" ಎಂದ, ತಲೆ ಎತ್ತದೆ.

"ನಿನ್ನೇ."

ಅವನು ತಲೆ ಎತ್ತಿದ. ಗೇಟಿನ ಆಚೆ, ಹುಲ್ಲುಹಾಸಿನ ಅಂಚಿನಲ್ಲಿ ಪೈಪಿಗೆಂದು ಅಗೆದ ಮಣ್ಣು ರಾಶಿ ಬಿದ್ದಿತ್ತು. ಕೆಂಪು ಮಣ್ಣು, ನಡುನಡುವೆ ಹಳದಿ, ಹಸಿರು ಚೂರು.

"ಏನ್ ಕೆಲ್ಸ?" ಎಂದ ಉದ್ದಗೈ, ಅಭ್ಯಾಸಬಲದಿಂದ, ಪೆನ್ನು ರಿಜಿಸ್ಟರಿನ ಮೇಲಿಟ್ಟುಕೊಂಡೇ.

ದೊಡ್ಡಪ್ಪ ಚಪ್ಪಲಿ ಬಿಟ್ಟ. ಗೇಟು ಸರಿಯುವ ಕಬ್ಬಿಣದ ಗೆರೆಯ ಈಚೆ ನೆಟ್ಟಗೆ ನಿಂತು ಬಲಗೈ ಎತ್ತಿದ. ಎತ್ತಿದ ಕೈಯನ್ನು ಇಳಿಸಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

"ಎಡಗಡೆ ಅಂಚು, ಬನೀನಿಂದು," ಎಂದ ಉದ್ದಗೈ ಕೊನೆಗೆ, ಮೆಲ್ಲಗೆ. "ಮುಟ್ಟಿದ್ ಬೆರಳ್ಗೆ ಗೊತ್ತಿರಲ್ವೇನ್ಲಾ?"

"ಮತ್ತೆ ಒಂದಿನಾನೂ ಕೇಳ್ಲಿಲ್ವಲ್ಲೋ."

"ಪ್ರತಿ ವರ್ಸ ನೀನು ಔಟಾದೋರ್ ಸಾಲಲ್ಲಿ ಕೂತಿರ್ತಿದ್ದೆ. ಇನ್ನೇನ್ ಕೇಳನ?"

ದೊಡ್ಡಪ್ಪ ನನ್ನ ಕಡೆ ತಿರುಗಿ, ಕೈ ಇನ್ನೂ ಮೇಲೆತ್ತಿಕೊಂಡೇ, "ಬರ್ಕೋ ಮಗಾ. ಆ ವರ್ಸ ಕೆರೆಯಾಚೆಯೋರು" ಎಂದ. ಊರಿನ ಹುಡುಗರಿಗೆ ನಾನೇನು ಹೇಳಲಿ ಎಂಬ ಯೋಚನೆ ನನಗೆ ಬಂತು, ಬಂದ ಹಾಗೇ ಹೋಯಿತು. ಆ ಸಾಲಿನಲ್ಲಿ ಈಗ ಆ ಊರಿನ ಹೆಸರೇ ಇದೆ. ಪುಸ್ತಕ ನಿಮ್ಮೂರಿಗೂ ಬಂದಿದ್ದರೆ ನೋಡಿರುತ್ತೀರಿ.

ಉದ್ದಗೈ ರಿಜಿಸ್ಟರನ್ನು ಮಡಚಿ ಕುರ್ಚಿಯ ಮೇಲಿಟ್ಟ. ಹೆಸರೂ ಬರೆದುಕೊಳ್ಳಲಿಲ್ಲ, ಗಂಟೆಯನ್ನೂ ಹಾಕಲಿಲ್ಲ. ಎರಡೂ ಕೈಯಿಂದ ಗೇಟನ್ನು ಎಳೆದು ಪೂರ್ತಿ ತೆರೆದ.

"ಕೈ ಇಳ್ಸು. ಎಷ್ಟ್ ವರ್ಸ ಅಂತ ಹೊರಗೇ ಕೂತಿರ್ತೀಯ?" ಎಂದ. "ಬಾರ್ಲಾ ಒಳಕ್ಕೆ."