ಐದು ರೊಟ್ಟಿ ಬೇಯುವಷ್ಟು ಹೊತ್ತು

ಓಡಾಡಿಕೊಂಡಿದ್ದರೆ ನನಗೆ ಏನೂ ಆಗುವುದಿಲ್ಲ. ಒಂದು ಕಡೆ ಸುಮ್ಮನೆ ಕೂತೆನೆಂದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಇದಕ್ಕೆ ಹೆದರಿಯೇ ನಲವತ್ತನಾಲ್ಕು ವರ್ಷ ನಾನು ಸರಿಯಾಗಿ ಕೂತಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾಠ ಹೇಳುವುದೂ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ. ಊಟ ನಿಂತೇ ಮಾಡುತ್ತೇನೆ. ಮುದ್ದೇಬಿಹಾಳದಿಂದ ನಾಲತವಾಡಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಊರು ಬಂತೇನೋ ಅಂತ ನಡುವೆ ಎರಡು ಸಲ ಎದ್ದು ನೋಡುತ್ತೇನೆ.

ಕಡೆಗೆ ಸೊಂಟ ಬಿಗಿದುಕೊಂಡಿತು. ಡಾಕ್ಟರು, "ಯೋಗಕ್ಕ ಹೋಗ್ರಿ ಮೇಡಂ. ಸೊಂಟಾನೂ ಸಡ್ಲ ಆಗ್ತೈತಿ, ಮನಸ್ಸೂ ಒಂದ್ ಕಡೆ ನಿಲ್ತೈತಿ" ಎಂದರು. ಸೊಂಟದ ವಿಷಯ ನಾನೇ ಹೇಳಿದ್ದೆ. ಮನಸ್ಸಿನ ವಿಷಯ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

೧. ನಳ ಬಂದ ದಿನ

ನಮ್ಮ ಓಣಿಯ ಯೋಗ ಕ್ಲಾಸು ನಡೆಯುವುದು ಸಮುದಾಯ ಭವನದಲ್ಲಿ, ಬೆಳಿಗ್ಗೆ ಐದೂವರೆಗೆ. ಕಲಿಸುವವರು ರಿಟೈರಾದ ಡ್ರಿಲ್ ಮಾಸ್ತರರು. ಮೊದಲ ದಿನವೇ ಪಶ್ಚಿಮೋತ್ತಾನಾಸನ.

"ಕಾಲು ಮುಂದ ಚಾಚ್ರಿ. ಸೊಂಟದಿಂದ ಬಗ್ರಿ. ಹೆಬ್ಬೆರಳು ಹಿಡೀರಿ. ಹಣಿ ಮೊಣಕಾಲಿಗೆ ಮುಟ್ಟಲಿ. ಮುಟ್ಟಲಿಲ್ಲಾ? ಎಲ್ಲಿತನಾ ಬಂದೈತಿ ಅಲ್ಲೇ ಇರ್ರಿ."

"ಎಷ್ಟೊತ್ತು ಇರಬೇಕ್ರಿ ಸರ್?"

"ನಾ ಏಳ್ರಿ ಅನ್ನೋತನಾ."

ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ. ಒಂದು ನಿಮಿಷ ಅಂದಿದ್ದರೆ ಹೇಗೋ ಹಲ್ಲು ಕಚ್ಚಿ ಕಳೆಯುತ್ತಿದ್ದೆ. ನನ್ನ ಹಣೆಗೂ ಮೊಣಕಾಲಿಗೂ ನಡುವೆ ಒಂದು ಎಮ್ಮೆಗರು ಆರಾಮಾಗಿ ದಾಟಿ ಹೋಗುವಷ್ಟು ಜಾಗವಿತ್ತು. ಆ ಜಾಗವನ್ನೇ ನೋಡುತ್ತ ಬಗ್ಗಿದ್ದಾಗ ಎಲ್ಲೋ ನೀರು ಬೀಳುವ ಸದ್ದು ಕೇಳಿಸಿತು. ನಮ್ಮ ಓಣಿಗೆ ನಳದ ನೀರು ಯಾವಾಗ ಬರುತ್ತದೆಂಬುದು ಆ ನಳಕ್ಕೊಂದೇ ಗೊತ್ತು. ಬಂದಾಗ ತುಂಬಿಕೊಳ್ಳದಿದ್ದರೆ ಮುಗಿಯಿತು. ಪಕ್ಕದಲ್ಲಿ ಬಗ್ಗಿದ್ದ ಕಂಡಕ್ಟರ ಹೆಂಡತಿಗೆ ಮೆಲ್ಲಗೆ, "ನಳಾ ಬಂತೇನ್ರಿ?" ಎಂದೆ.

ಅಷ್ಟೇ. ಹದಿನಾರು ಜನ ಒಮ್ಮೆಲೇ ಎದ್ದರು. ಚಾಪೆ ಸುತ್ತಿದವರು ಕೆಲವರು, ಸುತ್ತದೆಯೇ ಎಳೆದುಕೊಂಡು ಓಡಿದವರು ಕೆಲವರು. ಎಲ್ಲರೂ ಮನೆಗೆ ಹೋಗಿ ನಳ ತಿರುವಿದರೆ ಬಂದದ್ದು ಬರೀ ಗಾಳಿ. ಆ ದಿನ ಭವನದಲ್ಲಿ ಒಂದು ಸೀಮಂತವಿತ್ತು. ಹಿತ್ತಲಲ್ಲಿ ಟ್ಯಾಂಕರಿನಿಂದ ಬ್ಯಾರಲ್ಲಿಗೆ ನೀರು ಬಿಡುತ್ತಿದ್ದರು.

ಮರುದಿನ ಮಾಸ್ತರರ ಮುಂದೆ ಕೈಕಟ್ಟಿ ನಿಂತು, "ತಪ್ಪಾತ್ರಿ ಸರ್. ನನ್ನಿಂದ ನಿಮ್ಮ ಕ್ಲಾಸ್ ಕೆಟ್ಟಿತು" ಎಂದೆ. ಅವರು ಏನೋ ಹೇಳುವಷ್ಟರಲ್ಲಿ ಕಂಡಕ್ಟರ ಹೆಂಡತಿ ನಡುವೆ ಬಾಯಿ ಹಾಕಿದಳು:

"ಅವರೇನ್ ಅಂತಾರ್ರಿ? ನಿನ್ನಿ ಬಾಗಿಲದಾಗ ನನ್ನ ಸರಿಸಿ ಎಲ್ಲಾರಕಿಂತ ಮೊದಲ ಓಡಿದವ್ರು ಅವರ!"

೨. ಕರಾರು

ಕ್ಲಾಸಿಗೆ ಹೋಗಲು ಶುರು ಮಾಡಿದ ಮೇಲೆ ನಸುಕಿನ ರೊಟ್ಟಿ ಬಡಿಯುವ ಕೆಲಸ ನನ್ನಿಂದ ಅತ್ತೆಗೆ ಹೋಗಿತ್ತು. ಹದಿನೈದು ದಿನ ಅವರು ಏನೂ ಅನ್ನಲಿಲ್ಲ. ಹದಿನಾರನೇ ದಿನ ಕೌದಿ ಹೊಲಿಯುತ್ತ ಕೂತವರು ಕೇಳಿದರು:

"ಅಲ್ಲವಾ, ಅಲ್ಲಿ ಏನ್ ಕಲಿಸ್ತಾರ?"

ಕಾಲು ಚಾಚಿ, ಬಗ್ಗಿ, ಹೆಬ್ಬೆರಳು ಹಿಡಿದು ತೋರಿಸಿದೆ. ಎಮ್ಮೆಗರು ಈಗ ಆಡಿನ ಮರಿಯಾಗಿತ್ತು. ಹದಿನೆಂಟು ಸೆಕೆಂಡಿಗೆ ಎದ್ದು ಒಲೆಯ ಮೇಲಿನ ಹಾಲು ನೋಡಿಬಂದೆ.

ಅತ್ತೆ ನಕ್ಕರು. ಅವರು ಕಾಲು ಚಾಚಿಯೇ ಕೂತಿದ್ದರು. ಕೌದಿ ಹೊಲಿಯುವವರೆಲ್ಲ ಹಾಗೇ ಕೂಡುವುದು. ಪಾದದ ಹತ್ತಿರ ಬಿದ್ದಿದ್ದ ಸೂಜಿಗೆ ಬಗ್ಗಿದರು. ಮೂಗು ಮೊಣಕಾಲಿಗೆ ಹತ್ತಿತು. ಅಲ್ಲಿಯೇ ಇದ್ದುಕೊಂಡು ಸೂಜಿಗೆ ದಾರ ಪೋಣಿಸಿದರು, ಅಂಚಿನ ನಾಲ್ಕು ಹೊಲಿಗೆ ಹಾಕಿದರು, ಬಾಜೂ ಮನೆಯ ಚಾಚಿಯ ಸೊಸೆ ಹೊಸ ಫ್ರಿಜ್ಜು ತಂದ ಸುದ್ದಿಯನ್ನು ಪೂರ್ತಿ ಹೇಳಿದರು. ಎಪ್ಪತ್ತೆರಡು ವರ್ಷ ಅವರಿಗೆ.

"ಇದಕ್ಕ ನೀ ಕ್ಲಾಸಿಗೆ ಹೋಗ್ತಿ?" ಎಂದರು, ಇನ್ನೂ ಬಗ್ಗಿಯೇ. "ಒಂದು ಕರಾರು. ದಸರಾದ ಬನ್ನಿ ಹಬ್ಬ ಬರೂದ್ರಾಗ, ನಾ ಐದು ರೊಟ್ಟಿ ಬೇಯಿಸೋತನಾ ಹಿಂಗ ಇದ್ದು ತೋರಸು. ತೋರಿಸಿದ್ರ ಆಯುಷ್ಯಪೂರ್ತಿ ಹೋಗು, ರೊಟ್ಟಿ ನಾ ನೋಡ್ಕೋತೇನಿ. ಇಲ್ಲಂದ್ರ ಕ್ಲಾಸ್ ಬಿಡು, ಹಿಟ್ಟಿನ ಪರಾತದ ಮುಂದ ಬಂದು ಕುಂಡ್ರು."

ಅತ್ತೆಗೆ ಗಡಿಯಾರ ನೋಡಲು ಬರುತ್ತದೆ, ನಂಬಿಕೆ ಇಲ್ಲ. ಚಹಾ ಒಂದು ರೊಟ್ಟಿ, ಸ್ನಾನ ಮೂರು ರೊಟ್ಟಿ. ಅವರ ಕಾಲ ನಡೆಯುವುದೇ ಹಾಗೆ.

ನಾನು ಒಪ್ಪಿಕೊಂಡೆ. ಒಪ್ಪದೆ ವಿಧಿಯಿರಲಿಲ್ಲ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನನ್ನನ್ನು ಯಾರೂ ಕೂಗದ ತಾಸು ಎಂದರೆ ಈ ಕ್ಲಾಸಿನದೊಂದೇ. ಅದನ್ನು ಕಳೆದುಕೊಳ್ಳುವ ಮಾತೇ ಇರಲಿಲ್ಲ.

"ಆತ್ರಿ ಅತ್ತೀ. ಈಗ ಏಳ್ರಿ, ನಿಮ್ಮನ್ನ ನೋಡೇ ನನ್ನ ಸೊಂಟಾ ನೋಯಾಕತ್ತೈತಿ" ಎಂದೆ.

೩. ಮೇಜಿನ ಕೆಳಗಿನ ಸಂಶೋಧನೆ

ಅಂದಿನಿಂದ ಸಿಕ್ಕಲ್ಲಿ ಅಭ್ಯಾಸ. ಒಂದು ದಿನ ಬಿಡುವಿನ ಪೀರಿಯಡ್ಡು, ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲ. ಮೇಜಿನ ಪಕ್ಕ ನೆಲದ ಮೇಲೆ ಪೇಪರು ಹಾಸಿ, ಕಾಲು ಮೇಜಿನ ಅಡಿಗೆ ಚಾಚಿ ಬಗ್ಗಿದೆ. ಮಾಸ್ತರರು ಉಸಿರು ಎಣಿಸಲು ಹೇಳಿದ್ದರು. ಎಣಿಸಿದೆ. ಏಳನೇ ಉಸಿರಿಗೆ ಯೂನಿಟ್ ಟೆಸ್ಟಿನ ಮಾರ್ಕ್ಸು ನೆನಪಾಯಿತು, ಒಂಬತ್ತಕ್ಕೆ ಇಸ್ತ್ರಿಗೆ ಕೊಟ್ಟ ಸೀರೆ, ಹತ್ತಕ್ಕೆ ಮೆಂತ್ಯಪಲ್ಲೆ ಸೋಸಿಲ್ಲವೆಂಬುದು. ಹನ್ನೆರಡಕ್ಕೆ ಹಿಂದಿ ಟೀಚರು ಒಳಗೆ ಬಂದರು.

"ಅಯ್ಯ ಮೇಡಂ, ಏನರೆ ಕಳಕೊಂಡ್ರೇನ್ರಿ?"

ಮಾತಾಡಿದರೆ ಎಣಿಕೆ ತಪ್ಪುತ್ತದೆ. "ಹ್ಞೂಂ" ಎಂದೆ.

ಅವರು ಮೇಜಿನ ಆಚೆ ಕಡೆಯಿಂದ ಕೆಳಗಿಳಿದು ಹುಡುಕತೊಡಗಿದರು. ಆಮೇಲೆ ಗಣಿತದ ಸರ್ ಬಂದರು, ಅವರೂ ಇಳಿದರು. ಹೆಡ್‌ಮಾಸ್ತರರು ಬಂದು ನೋಡಿದಾಗ ಅವರ ಇಡೀ ಸಿಬ್ಬಂದಿ ನೆಲದ ಮೇಲಿತ್ತು. ಅವರೂ ಪ್ಯಾಂಟು ಮೊಣಕಾಲಿಗೆ ಏರಿಸಿಕೊಂಡು ಬೀರುವಿನ ಅಡಿಗೆ ಕೈ ಹಾಕಿದರು. ಯಾರೂ ಏನು ಹುಡುಕುತ್ತಿದ್ದೇವೆಂದು ಕೇಳಲಿಲ್ಲ. ಮೂವತ್ತೆರಡನೇ ಉಸಿರಿಗೆ ಹೆಬ್ಬೆರಳು ಕೈತಪ್ಪಿತು, ನಾನೂ ನೆಲ ತಡವತೊಡಗಿದೆ. ಹೇಳುವ ಧೈರ್ಯವೂ ಉಳಿದಿರಲಿಲ್ಲ.

ಹಿಂದಿ ಟೀಚರಿಗೆ ಹೋದ ವರ್ಷ ಕಳೆದಿದ್ದ ಬೆಂಡೋಲೆಯ ತಿರುಪು ಸಿಕ್ಕಿತು. ಗಣಿತದ ಸರ್‌ಗೆ ಅವರದೇ ಕನ್ನಡಕದ ಡಬ್ಬಿ. ಹೆಡ್‌ಮಾಸ್ತರರ ಕೈಗೆ ಲ್ಯಾಬಿನ ಬೀರುವಿನ ಕೀಲಿಕೈ ಬಂತು. ಅದಿಲ್ಲದೆ ನಾನು ಎರಡು ವರ್ಷದಿಂದ ಮೈಕ್ರೋಸ್ಕೋಪನ್ನು ಬರೀ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ.

ಎಲ್ಲರೂ ಮೈ ಕೊಡವಿಕೊಂಡು ಎದ್ದರು. ನಾನೂ ಎದ್ದೆ. ಹೆಡ್‌ಮಾಸ್ತರರು ಕೀಲಿಕೈ ಒರೆಸುತ್ತ, "ಮೇಡಂ, ನಿಮ್ಮದು ಏನು ಕಳದಿತ್ತೋ ಅದು ಸಿಗಲಿಲ್ಲ ಅನಸ್ತೈತಿ. ಇರ್ಲಿ, ತಿಂಗಳಿಗೊಮ್ಮೆ ಹಿಂಗ ಏನರೆ ಕಳಕೋತಾ ಇರ್ರಿ" ಎಂದರು.

೪. ಇಪ್ಪತ್ತು ನಿಮಿಷ

ಬನ್ನಿ ಹಬ್ಬಕ್ಕೆ ಹತ್ತು ದಿನವಿತ್ತು. ನನ್ನ ದಾಖಲೆ ಒಂದು ನಿಮಿಷ ನಲವತ್ತು ಸೆಕೆಂಡು. ಒಂದು ಭಾನುವಾರ ಗಂಡನನ್ನು ಫೋನಿನಲ್ಲಿ ಹೊತ್ತು ನೋಡಲು ಕೂರಿಸಿದೆ.

"ಮಾತಾಡಬ್ಯಾಡ್ರಿ. ಐದು ನಿಮಿಷಕ್ಕ ಹೇಳ್ರಿ ಸಾಕು."

ನಾನು ಬಗ್ಗಿದೆ. ಅರ್ಧ ನಿಮಿಷಕ್ಕೆ ಅವರ ಫೋನು ಬಡಿದುಕೊಂಡಿತು. ಇಂಡಿ ಊರಿನ ಗೆಳೆಯ, ಲಿಂಬೆಹಣ್ಣಿನ ವ್ಯಾಪಾರಿ. "ಹಲೋ, ಹೇಳೋ" ಅನ್ನುತ್ತ ಗಂಡ ಫೋನಿನ ಜೊತೆ ನನ್ನ ಸಮಯವನ್ನೂ ತೆಗೆದುಕೊಂಡು ಹೊರಗೆ ಹೋದರು. ಒಂದಷ್ಟು ಹೊತ್ತು ಕಾದೆ. ಆಮೇಲೆ ಎದ್ದೆ. ಚಹಾ ಮಾಡಿಕೊಂಡು ತಂದು ಚಾಪೆಯ ಮೇಲೆಯೇ ಕೂತು ಕುಡಿದೆ. ಪೇಪರು ಓದಿದೆ. ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದ್ದೇ ಸರಕ್ಕನೆ ಬಗ್ಗಿಬಿಟ್ಟೆ. ನನ್ನನ್ನು ಬಗ್ಗಿಸಿಟ್ಟು ಹೋದದ್ದಕ್ಕೆ ಸ್ವಲ್ಪ ಸಿಡುಕಿ ತೋರಿಸಬೇಕೆಂಬುದಷ್ಟೇ ಉದ್ದೇಶ.

ಗಂಡ ಬಾಗಿಲಲ್ಲಿಯೇ ನಿಂತರು. "ಅಯ್ಯೋ! ಇನ್ನಾ ಹಂಗೇ ಅದೀಯಾ? ಇಪ್ಪತ್ತು ನಿಮಿಷ ಆತಲ್ಲಾ!"

ಅವರ ದನಿಯಲ್ಲಿ ಎಷ್ಟು ಅಭಿಮಾನವಿತ್ತೆಂದರೆ, ನಿಜ ಹೇಳುವುದು ಅವರಿಗೇ ಅನ್ಯಾಯವೆನ್ನಿಸಿತು.

ಸಂಜೆಯೊಳಗೆ ಸುದ್ದಿ ನಾಲ್ಕು ತಾಲೂಕು ಮುಟ್ಟಿತ್ತು. ಇಂಡಿಯ ಗೆಳೆಯ ಫೋನಿನಲ್ಲಿ ನಮಸ್ಕಾರ ತಿಳಿಸಿದ. ಬಸವನ ಬಾಗೇವಾಡಿಯಲ್ಲಿರುವ ನನ್ನ ತಂಗಿ, "ಇಪ್ಪತ್ತು ನಿಮಿಷಾ? ನೀನಾ? ಮೈಯಾಗ ಆರಾಮಿಲ್ಲೇನ?" ಎಂದಳು. ಸಿಂದಗಿಯ ನಾದಿನಿ ಮಾತ್ರ ತಾಯಿಗೇ ಫೋನು ಹಚ್ಚಿ ನಗುತ್ತಿದ್ದದ್ದು ನನಗೂ ಕೇಳಿಸಿತು: "ಯವ್ವಾ, ವೈನಿ ಎರಡು ನಿಮಿಷ ಕುಂತದ್ದು ನೀ ಕಣ್ಣಾರೆ ನೋಡಿದ್ರ ನನಗ ಹೇಳು, ನಾ ಬಂದು ಕಾಲಿಗೆ ಬೀಳ್ತೇನಿ."

ಅತ್ತೆ ಫೋನು ಇಟ್ಟು ನನ್ನ ಕಡೆ ನೋಡಿದರು. ಬೆಳಿಗ್ಗೆ ಪೂರ್ತಿ ಅವರು ಅಡುಗೆಮನೆಯ ಬಾಗಿಲಲ್ಲೇ ಕೂತು ಅಕ್ಕಿ ಆರಿಸಿದ್ದರೆಂಬುದು ನನಗೆ ಆಗ ಹೊಳೆಯಿತು.

"ನಾಳೆ ಮುಂಜಾನೆ ಐದು ರೊಟ್ಟಿ ಪರೀಕ್ಷಾ" ಎಂದರು. "ಬನ್ನಿ ಹಬ್ಬದತನಾ ಯಾಕ ಕಾಯೂದು? ಇಪ್ಪತ್ತು ನಿಮಿಷ ಇದ್ದಾಕಿ." ಎರಡು ಹೆಜ್ಜೆ ನಡೆದು ತಿರುಗಿ, "ಚಾಪಿ ಮ್ಯಾಲೆ ಚಹಾದ ಕಪ್ಪು ಹಂಗೇ ಐತಿ, ತೊಳದಿಡು" ಎಂದರು.

೫. ಪರೀಕ್ಷೆ

ಬೆಳಿಗ್ಗೆ ಅಡುಗೆಮನೆಯಲ್ಲಿ ಚಾಪೆ ಹಾಸಿದೆ. ಅತ್ತೆ ನೆಲದ ಮೇಲಿನ ಒಲೆಯ ಮುಂದೆ ಕೂತು ಹಿಟ್ಟು ನಾದಿಕೊಂಡರು. ಸಾಕ್ಷಿಗೆ ಬಾಜೂ ಮನೆಯ ಚಾಚಿ ಬಂದಿದ್ದರು. ನಮ್ಮ ಮನೆಗೂ ಅವರ ಮನೆಗೂ ಮೂರು ತಲೆಮಾರಿನಿಂದ ಗೋಡೆ ಒಂದೇ. ಓಣಿಗೆಲ್ಲ ಅವರು ಚಾಚಿ, ಅತ್ತೆಗೂ ಚಾಚಿಯೇ. ಗಂಡ ಹೊಸ್ತಿಲ ಮೇಲೆ ಕೂತಿದ್ದರು, ಇವತ್ತೂ ಇಪ್ಪತ್ತು ನಿಮಿಷ ನೋಡುವ ಭರವಸೆಯಲ್ಲಿ.

"ಬಗ್ಗು" ಎಂದರು ಅತ್ತೆ.

ಒಂದನೇ ರೊಟ್ಟಿ ಚಟಚಟ ಬಡಿಸಿಕೊಂಡು ಹಂಚಿನ ಮೇಲೆ ಹೋಯಿತು. ಇಷ್ಟೇ ಏನು ಅಂದುಕೊಂಡೆ. ಎರಡನೆಯದಕ್ಕೆ ಮೂಗು ತುರಿಸತೊಡಗಿತು. ಆಗ ಅತ್ತೆ, "ಇದು ಹರೀತು ನೋಡು ಚಾಚಿ. ಲೆಕ್ಕಕ್ಕಿಲ್ಲ" ಎಂದರು. ಚಾಚಿ ಗಂಭೀರವಾಗಿ, "ಹರಿದದ್ದು ಹೆಂಗ ಲೆಕ್ಕಾ ಆಗ್ತೈತಿ ಅಕ್ಕಾ" ಎಂದರು. ಇಬ್ಬರೂ ಒಂದಾಗಿದ್ದಾರೆಂದು ಅನುಮಾನ ಬಂತು. ಮತ್ತೆ ಎರಡನೆಯದನ್ನೇ ಬಡಿದರು. ಕಾಲ ಮೇಲೆ ಇರುವೆ ಹತ್ತಿತು. ಪಡಸಾಲೆಯಲ್ಲಿ ನನ್ನ ಫೋನು ಬಡಿದುಕೊಂಡು ನಿಂತಿತು, ಮತ್ತೆ ಬಡಿದುಕೊಂಡಿತು. ಹಾಲಿನವನು ಕೂಗಿದ. ತೊಡೆಯ ಹಿಂದೆ ಬೆಂಕಿ ಬಿತ್ತು. ಮೂರನೇ ರೊಟ್ಟಿ ಹಂಚಿನ ಮೇಲಿರುವಾಗ, ಹೋಗಲಿ ಅಂದುಕೊಂಡೆ. ಕ್ಲಾಸು ಹೋಗಲಿ, ತಾಸೂ ಹೋಗಲಿ. ಹೆಬ್ಬೆರಳು ಹಿಡಿದ ಕೈ ಸಡಿಲಾಯಿತು.

"ಚಾಚಿ, ನಿನ್ನ ಮುಂದ ಒಂದು ಹೇಳ್ಲಿ?" ಎಂದರು ಅತ್ತೆ. "ಇಕಿ ಮುಂದ ಹೇಳೂದಲ್ಲ ಅದು."

"ಇಲ್ಲೇ ಅದಾಳಲ್ಲ ಅಕ್ಕಾ."

"ಬಗ್ಗಿದಾಕಿಗೆ ಏನ್ ಕೇಳಸ್ತೈತಿ, ಬಿಡು."

ನನ್ನ ಕೈ ತಾನಾಗಿಯೇ ಹೆಬ್ಬೆರಳನ್ನು ಮತ್ತೆ ಹಿಡಿಯಿತು.

"ನನ್ನ ಕಣ್ಣಿನ ಆಪರೇಶನ್ ಆದಾಗ ಎಲ್ಲಾರೂ ಬಂದು ನೋಡಿ ಹೋದ್ರು. ಹೊತ್ತಿಗೆ ಸರಿಯಾಗಿ ಒಂದು ತಿಂಗಳು ಡ್ರಾಪ್ಸ್ ಹಾಕಿದಾಕಿ ಇಕಿ ಒಬ್ಬಾಕಿ. ಒಂದ್ ಸಲಾನೂ ತಪ್ಪಿಸ್ಲಿಲ್ಲ."

ರೊಟ್ಟಿ ಬಡಿಯುವ ಸದ್ದು. ನಾನು ಉಸಿರು ಎಣಿಸುವುದನ್ನು ಬಿಟ್ಟೆ.

"ಇಕಿ ಹಂಗ ಬದನಿಕಾಯಿ ಎಣಗಾಯಿ ಮಾಡಾಕ ನನಗೂ ಬರಂಗಿಲ್ಲ ಚಾಚಿ. ಇಷ್ಟ್ ದಿನಾ ಯಾರ ಮುಂದೂ ಹೇಳಿಲ್ಲ."

ಇಪ್ಪತ್ತೊಂದು ವರ್ಷ ನನ್ನ ಎಣಗಾಯಿಗೆ ಬಂದ ಅಭಿಪ್ರಾಯ ಒಂದೇ: ಉಪ್ಪು ಕಡಿಮಿ. ಮೂಗಿನ ತುರಿಕೆ ನಿಂತಿತು. ಇರುವೆ ತನ್ನ ದಾರಿ ಹಿಡಿಯಿತು.

"ಖರೇ ಹೇಳ್ತೇನಿ, ನನ್ನ ಮಗಗ ಇಂಥಾಕಿ ಸಿಗಬಾರದಿತ್ತು."

"ಯಾಕಕ್ಕಾ?"

"ಅವಗ ಇಷ್ಟು ಚೊಲೋ ಹೆಂಡತಿ ಯಾಕ? ಇದರಾಗ ಅರ್ಧ ಇದ್ದಾಕಿ ಆಗಿದ್ರೂ ನಡೀತಿತ್ತು."

"ಯವ್ವಾ, ನಾ ಇಲ್ಲೇ ಅದೇನಿ" ಎಂದರು ಹೊಸ್ತಿಲ ಮೇಲಿದ್ದ ಗಂಡ.

"ನೀ ಏನ್ ಬಗ್ಗೀಯೇನ? ಕೇಳಿಸ್ಲಿ."

ನನ್ನ ಹಣೆ ಮೊಣಕಾಲಿಗೆ ಯಾವಾಗ ಹತ್ತಿತೋ ಗೊತ್ತಾಗಲಿಲ್ಲ. ಮೊಣಕಾಲು ಒದ್ದೆಯಾದಾಗ ಹತ್ತಿದೆಯೆಂದು ತಿಳಿಯಿತು.

"ಏಳವಾ, ಸಾಕು" ಎಂದರು ಅತ್ತೆ. "ಒಂಬತ್ತು ಆದುವು. ಹಿಟ್ಟು ತೀರೇತಿ."

ಎದ್ದೆ. ಬುಟ್ಟಿಯಲ್ಲಿ ಒಂಬತ್ತು ರೊಟ್ಟಿ, ಪಕ್ಕಕ್ಕೆ ಹರಿದದ್ದೊಂದು. "ಅತ್ತೀ, ನೀವು ಹೇಳಿದ್ದು ಎಲ್ಲಾ ಕೇಳಿಸ್ತ್ರಿ..."

"ಕೇಳಿಸ್ಲಿ ಅಂತ ಹೇಳಿದ್ದು!" ಎಂದರು ಅತ್ತೆ, ಪರಾತ ಕೆರೆಯುತ್ತ. "ಮೂರನೇ ರೊಟ್ಟಿಗೆ ನಿನ್ನ ಕೈ ಬಿಟ್ಟಿತ್ತು. ಬೈದಿದ್ರ ಎದ್ದು ಜಗಳಕ್ಕ ನಿಲ್ತಿದ್ದಿ. ನಿನ್ನ ಹಿಡದು ಕುಂಡರ್ಸಾಕ ಮತ್ತೇನ್ ಮಾಡ್ಲಿ? ನೀ ಸೋತಿದ್ರ ಆ ಸಿಂದಗ್ಯಾಕಿ ವರ್ಷಗಟ್ಟಲೆ ನಗ್ತಿದ್ಲು."

ಚಾಚಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಒದ್ದೆ ಮೊಣಕಾಲನ್ನು ಕೈಯಿಂದ ಮುಚ್ಚಿಕೊಂಡು ಕೇಳಿದೆ: "ಹಂಗಂದ್ರ ಅದೆಲ್ಲಾ ಖರೇನೋ ಸುಳ್ಳೋ?"

ಅತ್ತೆ ನನ್ನ ಮುಖ ನೋಡಲಿಲ್ಲ. ಒಲೆ ಆರಿಸಿದರು.

"ತಿಳ್ಕೋಬೇಕಾ?"

"ಹೌದ್ರಿ."

"ಹಂಗಾರ ನಾಳೆ ಮತ್ತ ಬಗ್ಗು. ಹಿಟ್ಟು ಇನ್ನೊಂದಿಷ್ಟು ಹೆಚ್ಚಿಗಿ ನಾದಿಕೋತೇನಿ."