ದೊಡ್ಡಮಾದಯ್ಯ ಇನ್ನೂ ಇಳಿದಿಲ್ಲ

ಮದರಾಸಿನ ವಿಮಾನ ನಿಲ್ದಾಣದಿಂದ ಟೋಕಿಯೋ ವಿಮಾನ ನಿಲ್ದಾಣಕ್ಕೆ ಆರು ಸಾವಿರದ ನಾನೂರು ಕಿಲೋಮೀಟರು. ಪ್ರಯಾಣದ ಅವಧಿ ಇನ್ನೂರ ಐವತ್ತಾರು ದಿನ. ಇದನ್ನು ಕೊಳ್ಳೇಗಾಲದ ರೇಷ್ಮೆಹುಳು ಯೋಗಕ್ಷೇಮ ಕಚೇರಿ 1991ರ ಜನವರಿಯಲ್ಲಿ ಅಧಿಕೃತವಾಗಿ ದೃಢಪಡಿಸಿದೆ. ವಿಮಾನದವರು ಒಂಬತ್ತು ಗಂಟೆ ಎನ್ನುತ್ತಾರೆ. ಅವರು ಈ ಕಚೇರಿಯ ನೌಕರರಲ್ಲ.

ಕಚೇರಿಯ ಪ್ರಯಾಣ ನಿಯಮದಲ್ಲಿ ರೈಲಿದೆ, ಬಸ್ಸಿದೆ. ಮಿಕ್ಕಿದ್ದೆಲ್ಲ 'ಇತರೆ ವಾಹನ'. ಇತರೆ ವಾಹನ ದಿನಕ್ಕೆ ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ಓಡುವಂತಿಲ್ಲ, ಎತ್ತುಗಳಿಗೆ ದಣಿವಾಗುತ್ತದೆ. ವಿಮಾನ ರೈಲೂ ಅಲ್ಲ, ಬಸ್ಸೂ ಅಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಬಂಡಳ್ಳಿಯ ದೊಡ್ಡಮಾದಯ್ಯ ಮನೆಮನೆಗೆ ಸೈಕಲ್ ತುಳಿದು ರೈತರಿಗೆ ಹುಳು ಸಾಕಣೆ ಹೇಳಿಕೊಡುತ್ತಲೇ ಕೂದಲು ಬೆಳ್ಳಗಾದವನು. ಆಗಸ್ಟಿಗೆ ನಿವೃತ್ತಿ. ಅದಕ್ಕೆ ಮೊದಲು ಮಾರ್ಚಿನಲ್ಲಿ ಇನ್ಸ್‌ಪೆಕ್ಟರ್ ಹುದ್ದೆ ಖಾಲಿಯಾಗುವುದಿತ್ತು, ಸರದಿಯಲ್ಲಿ ಅವನೇ ಮೊದಲು. ಒಂದು ದಿನವಾದರೂ ಆ ಕುರ್ಚಿಯಲ್ಲಿ ಕೂರಬೇಕೆಂದು ಜೀವ ಹಿಡಿದುಕೊಂಡಿದ್ದ. ಸರದಿಯಲ್ಲಿ ಎರಡನೆಯವನು ಸಾಹೇಬರಾದ ದೇವರಾಜು ಅವರ ಭಾಮೈದ. ಜಪಾನಿನ ತರಬೇತಿಗೆ ಒಬ್ಬರನ್ನು ಕಳಿಸಿ ಎಂದು ಮೇಲಿನಿಂದ ಆದೇಶ ಬಂದಾಗ ದೇವರಾಜು ಭಾಮೈದನನ್ನು ಬಿಟ್ಟು ದೊಡ್ಡಮಾದಯ್ಯನನ್ನೇ ಆರಿಸಿದರು. ಅವರ ನಿಷ್ಪಕ್ಷಪಾತವನ್ನು ಎಲ್ಲರೂ ಮೆಚ್ಚಿಕೊಂಡರು.

ಫೆಬ್ರವರಿಯಲ್ಲಿ ತರಬೇತಿ ಮುಗಿಸಿ ಬಂದ ದೊಡ್ಡಮಾದಯ್ಯ ಸಾಹೇಬರೆದುರು ಕೈಮುಗಿದ.

"ಓಗ್ಬಂದೆ ಸಾ. ಡ್ಯೂಟಿಗೆ ತಕಳಿ."

"ತಕಳಕಾಗಲ್ಲ ಕಣಯ್ಯ. ನೀನಿನ್ನೂ ಓಗ್ತಾ ಇದ್ದೀಯ." ದೇವರಾಜು ಗೋಡೆಯ ಭೂಪಟದ ಮೇಲೆ ಬೆರಳಿಟ್ಟರು. "ಲೆಕ್ಕದ ಪ್ರಕಾರ ಇವತ್ತು ಬಂಗಾಳ ಕೊಲ್ಲಿ ಮೇಲಿದ್ದೀಯ."

"ಜಪಾನ್ನೋರು ಸರ್ಟಿಫಿಕೇಟೇ ಕೊಟ್ಟವ್ರೆ ಸಾ."

"ತಲುಪೋಕ್ ಮುಂಚೇನೇ? ಅದನ್ನ ಯಾರ್ಗೂ ತೋರಿಸ್ಬೇಡ, ಕೇಸಾಯ್ತದೆ."

ದೊಡ್ಡಮಾದಯ್ಯ ಅರ್ಜಿ ಬರೆದುಕೊಂಡು ಮೇಲಿನ ಕಚೇರಿಗಳಿಗೆಲ್ಲ ಅಲೆದ. ಆದರೆ ಸಮುದ್ರದ ಮೇಲಿರುವವನ ಅರ್ಜಿಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮಾರ್ಚಿನಲ್ಲಿ ಭಾಮೈದ ಇನ್ಸ್‌ಪೆಕ್ಟರಾದ.

ಮೊದಮೊದಲು ನಕ್ಕ ಊರಿನವರಿಗೂ ಬರಬರುತ್ತಾ ರೂಢಿಯಾಯಿತು. "ಎಲ್ಲವ್ರೆ ನಿಮ್ಮೋರು?" ಎಂದು ಪಕ್ಕದ ಮನೆಯ ಬಸವಮ್ಮ ಕೇಳಿದರೆ, ದೊಡ್ಡಮಾದಯ್ಯನ ಹೆಂಡತಿ ಚನ್ನಾಜಮ್ಮ, "ಬರ್ಮಾ ದಾಟವ್ರೆ ಕಣಕ್ಕ, ಒಳಗೆ ಉಣ್ತಾವ್ರೆ," ಎನ್ನುತ್ತಿದ್ದಳು.

ಆಗಸ್ಟಿನಲ್ಲಿ ಪ್ರಕಟಣೆ ಹೊರಟಿತು: 'ಸದರಿ ನೌಕರರು ಆಕಾಶಮಾರ್ಗದಲ್ಲಿ ಇರುವ ಕಾರಣ, ನಿವೃತ್ತಿ ಸನ್ಮಾನವನ್ನು ಅವರ ಸೈಕಲ್ಲಿಗೆ ನೆರವೇರಿಸಲಾಗುವುದು. ಸಾರ್ವಜನಿಕರು ಸಹಕರಿಸತಕ್ಕದ್ದು.'

ಸೈಕಲ್ಲಿಗೆ ಹಾರ ಬಿತ್ತು, ಶಾಲು ಬಿತ್ತು. ಹೊಸ ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತೇ ಎರಡು ಮಾತಾಡಿದರು. "ಎಲ್ಲಿದ್ದರೂ ಸುಖವಾಗಿ ಇಳಿಯಲಿ," ಎಂದು ದೇವರಾಜು ಗದ್ಗದಿತರಾಗಿ ಮೇಲೆ ನೋಡಿದಾಗ ನೆರೆದವರೆಲ್ಲ ಮೇಲೆ ನೋಡಿದರು. ಚನ್ನಾಜಮ್ಮ ಕೈಮುಗಿದಳು.

ಕಡೆಯ ಸಾಲಿನಲ್ಲಿ ನಿಂತಿದ್ದ ದೊಡ್ಡಮಾದಯ್ಯನೂ ತಲೆಯೆತ್ತಿದ. ಕಣ್ಣು ತುಂಬಿ ಬಂತು.

"ಪಾಪ, ಒಂದಿನಾನಾರ ಆ ಕುರ್ಚಿ ಮೇಲೆ ಕೂರಬೇಕು ಅಂತಿದ್ರು ಕಣ್ರಿ," ಎಂದು ಪಕ್ಕದವರಿಗೆ ಹೇಳಿ, ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದ.