ಅಂಟುವಾಳದಲ್ಲಿ ತೊಳೆದ ಚಿನ್ನ

ಇಷ್ಟಕ್ಕೆಲ್ಲ ಕಾರಣ ಒಂದು ಮುಷ್ಟಿ ಅಂಟುವಾಳದ ಕಾಯಿ.

ತೀರ್ಥಹಳ್ಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಅಂದು ಬೆಳಿಗ್ಗೆ ಆಯುಧಪೂಜೆ, ಮಧ್ಯಾಹ್ನ ನಿರಂಜನನ ಪಿಎಚ್.ಡಿ. ಪರೀಕ್ಷೆ. ಹೊಸನಗರದ ಈ ಪಾಪದ ಪ್ರಾಣಿ ನಾಲ್ಕು ವರ್ಷದಿಂದ ಒಂದು ಚೂರು ಗಾಜನ್ನೇ ನೋಡುತ್ತ ಕೂತಿದ್ದ. ಅದರ ಮೇಲೆ ಕೂದಲೆಳೆಗಿಂತ ಸಾವಿರ ಪಾಲು ಸಣ್ಣ ಚಿನ್ನದ ಕಣಗಳಿದ್ದವು. ಬೆಳಕು ಬಿದ್ದರೆ ಕಣದೊಳಗಿನ ಎಲೆಕ್ಟ್ರಾನುಗಳು ಕೆರೆಯ ನೀರಿನಂತೆ ಅಲೆಯೇಳುತ್ತವೆ. ಅದಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಗಾಜಿಗೆ ಇನ್ನೇನು ತಾಗಿತು ಎನ್ನುವಷ್ಟು ಹತ್ತಿರ ಸೂಜಿ ಒಯ್ದು ಆ ಅಲೆಯ ಬೆಳಕನ್ನು ತೋರಿಸುವ ಯಂತ್ರ ಅಲ್ಲಿತ್ತು. ಪರೀಕ್ಷಕಿ ಅದನ್ನು ಕಣ್ಣಾರೆ ಕಂಡರೆ ಪದವಿ, ಇಲ್ಲವಾದರೆ ಇಲ್ಲ.

ಪೂಜೆಗೆಂದು ಉಪಕರಣಗಳನ್ನೆಲ್ಲ ಒರೆಸುತ್ತಿದ್ದ ಸಹಾಯಕಿ ಬೆಳ್ಳಮ್ಮ ಹೆಮ್ಮೆಯಿಂದ ಬಂದರು.

"ನಿರಂಜನ ಸಾರ್, ನಿಮ್ ಚಿನ್ನ ಮಂಕಾಗಿತ್ತು. ಅಂಟುವಾಳದ ನೊರೆ ಹಾಕಿ ಬ್ರಶ್ಶಲ್ಲಿ ತಿಕ್ಕಿಟ್ಟಿದೀನಿ. ಕೊಳೆ ಚಿನ್ನ ಯಾರಾದ್ರೂ ದೇವ್ರ ಮುಂದೆ ಇಡ್ತಾರಾ?"

ನಿರಂಜನ ಅಲ್ಲೇ ಕುಸಿದು ಕೂತ. "ಎಲ್ಲಾ ಹೋಯ್ತು ಬೆಳ್ಳಮ್ಮ!"

"ತೊಳೆದ್ರೆ ಚಿನ್ನ ಹೋಗುತ್ತಾ? ಹೋದ್ರೆ ಅದು ಚಿನ್ನವೇ ಅಲ್ಲ ಬಿಡಿ. ಅಂಗಡಿಯವ್ನು ಟೋಪಿ ಹಾಕಿದಾನೆ."

ಜೊತೆಗಾರ ನಿಶಾಂತ್ ತೊಳೆದ ನೀರನ್ನು ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಲು ಓಡಿದ. ಇನ್ನೊಬ್ಬ ಜೊತೆಗಾರ ರವಿಶಂಕರ "ವರದಹಳ್ಳಿಗೆ ಹರಕೆ ಹೊತ್ಕೊ" ಎಂದ. ನಿರಂಜನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗಾಜನ್ನು ಮೂಲೆಮೂಲೆಯೂ ಹುಡುಕಿದ. ಒಂದು ಕಣವೂ ಇರಲಿಲ್ಲ. ಇನ್ನೊಂದು ಮಾದರಿ ತಯಾರಿಸಲು ತಿಂಗಳುಗಟ್ಟಲೆ ಬೇಕು. ಅವನಿಗೆ ಅಳು ಬಂತು, ಅತ್ತೂಬಿಟ್ಟ.

ಅಷ್ಟರಲ್ಲಿ ಮಾರ್ಗದರ್ಶಕ ಸುಂದರೇಶ ಪರೀಕ್ಷಕಿ ಸುಚಿತ್ರಾ ಅವರನ್ನು ಕರೆತಂದು, ವಿಷಯ ತಿಳಿದು ಶಿಷ್ಯನ ಕಿವಿಯಲ್ಲಿ ಪಿಸುಗುಟ್ಟಿದರು: "ಅಲ್ಲೊಂದು ಇಲ್ಲೊಂದು ಉಳಿದಿರುತ್ತೆ ಮಾರಾಯ, ಸುಮ್ನೆ ಹಾಕು."

ನಿರಂಜನ ಗಾಜನ್ನು ಯಂತ್ರದಲ್ಲಿಟ್ಟ. ಸೂಜಿ ಇಳಿಯಿತು. ಪರದೆಯ ಮೇಲೆ ಗೆರೆಗೆರೆಯಾಗಿ ಚಿತ್ರ ಮೂಡಿತು: ನಾಲ್ಕು ವರ್ಷ ಅವನು ಕಂಡ ಅದೇ ಜೋಡಿ ಬೆಳಕು, ಅದೇ ಚಿಟ್ಟೆಯಾಕಾರ, ಒಂದಿಷ್ಟೂ ಮುಕ್ಕಾಗಿಲ್ಲ!

ಎಲ್ಲರೂ ಚಪ್ಪಾಳೆ ತಟ್ಟಿದರು. "ನಾ ಹೇಳ್ಲಿಲ್ವಾ? ಅಪ್ಪಟ ಚಿನ್ನ!" ಎಂದು ಬೆಳ್ಳಮ್ಮ ಅವನ ಬೆನ್ನು ತಟ್ಟಿದರು.

ನಿರಂಜನ ಪರದೆಯತ್ತ ಬಾಗಿದ. ಚಿನ್ನವೇ ಇಲ್ಲದ ಗಾಜಿನ ಮೇಲೂ ಅದೇ ಬೆಳಕು! ಹಾಗಾದರೆ ಅವನು ಇಷ್ಟು ವರ್ಷ ಅಳೆದದ್ದು ಚಿನ್ನದ ಅಲೆಯನ್ನಲ್ಲ, ಸೂಜಿಯ ದೋಷವನ್ನು.

ಸುಚಿತ್ರಾ ಮೇಡಂ ಮಾತ್ರ ಬಹಳ ಖುಷಿಯಾಗಿದ್ದರು. "ತುಂಬಾ ಚೆನ್ನಾಗಿದೆ. ಇನ್ನೊಂದೇ ಒಂದು ನೋಡಿಬಿಡೋಣ. ಹೋಲಿಕೆಗೆ ಒಂದು ಖಾಲಿ ಗಾಜು ಹಾಕಿ."

ನಿರಂಜನ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹಾಕಿದೀನಿ, ಮೇಡಂ."